ಬಾಯಿ ಬಿಡಲಾಗದವನ ಭದ್ರತೆ

ಭದ್ರತೆ ಅಂದರೆ ನಾವು ಕಾಲೇಜಿನಲ್ಲಿ ಓದಿದ್ದು ಗಡಿ, ಸೈನ್ಯ, ಬಾಂಬು. ನಮ್ಮವ್ವನನ್ನು ಕೇಳಿದರೆ ರಾತ್ರಿ ಹಾಕೋ ಬಾಗಿಲ ಚಿಲಕ. ಓದಿದ ಮೇಲೆ ಅವ್ವನ ಭಾಷೆ ಮರೀಬಾರದು ಅಂತಲೇ ಈ ಮಾತು.

1998ರಲ್ಲಿ ಬ್ಯಾರಿ ಬುಜಾನ್, ಓಲೆ ವೇವರ್, ಯಾಪ್ ಡ ವಿಲ್ಡ ಸೇರಿ ಭದ್ರತೆಯ ಬಗ್ಗೆ ಒಂದು ಪುಸ್ತಕ ಬರೆದರು. ಇವರದು ಕೋಪನ್‌ಹೇಗನ್ ಪಂಥ. ಇವರ ಕೆಲಸ ಸಣ್ಣದಲ್ಲ. ಸೈನ್ಯದ ಜೊತೆಗೆ ರಾಜಕೀಯ, ಆರ್ಥಿಕತೆ, ಸಮಾಜ, ಪರಿಸರದಲ್ಲೂ ಭದ್ರತೆಯನ್ನು ಹುಡುಕಿದರು. ಯಾರೋ ಒಬ್ಬ 'ನಮ್ಮ ಉಳಿವಿಗೇ ಕುತ್ತು' ಅಂತ ಕೂಗಬೇಕು, ಕೇಳುವವರು ಹೌದು ಅನ್ನಬೇಕು. ಆಗ ಮಾಮೂಲಿ ನಿಯಮ ಬದಿಗೆ ಸರಿದು ಪಡೆ, ಹಣ ಹೊರಡುತ್ತವೆ ಎಂದರು. ಆಳುವವರ ಬಾಯಲ್ಲಿ 'ದೇಶಕ್ಕೆ ಅಪಾಯ' ಅನ್ನೋ ಮಾತು ಹೇಗೆ ಕೆಲಸ ಮಾಡುತ್ತೆ ಅನ್ನೋದು ಇದರಿಂದ ತಿಳಿಯುತ್ತದೆ.

ಆದರೆ ಕೂಗಲಾಗದವನ ಗತಿ ಏನು? 2000ದಲ್ಲಿ ಡೆನ್ಮಾರ್ಕಿನ ಲೇನ್ ಹ್ಯಾನ್ಸನ್ ಇದನ್ನೇ ಕೇಳಿದರು. ಪಾಕಿಸ್ತಾನದಲ್ಲಿ ಮರ್ಯಾದೆಯ ಹೆಸರಲ್ಲಿ ಕೊಲೆಯಾಗುವ ಹೆಂಗಸರನ್ನು ಮುಂದಿಟ್ಟು, ಬಾಯಿ ಬಿಟ್ಟರೇ ಅಪಾಯ ಹೆಚ್ಚುವವರು ಈ ಸಿದ್ಧಾಂತದ ಕಣ್ಣಿಗೆ ಬೀಳೋದಿಲ್ಲ ಎಂದರು.

ಆ ಮಾತಿನ ಅರ್ಥ ನಮಗೆ ಬೇರೆಯವರು ಹೇಳಬೇಕಿಲ್ಲ. ಅದೇ 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿಕೆ ತಿರುಗಿಸಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೆಣಗಳು ಇದ್ದವು, 'ಕಂಡೆ' ಅನ್ನೋ ಮಾತು ನಿಲ್ಲಲಿಲ್ಲ. ಯಾವ ಹಳ್ಳಿಯಲ್ಲಾದರೂ ಸಾಕ್ಷಿ ಹೇಳಿ ಬಂದವನು ರಾತ್ರಿ ಮಲಗಬೇಕಾದ್ದು ಅದೇ ಊರಲ್ಲಿ ತಾನೇ?

ಮಾತನ್ನು ಮಾತ್ರ ಎಣಿಸುವ ಸಿದ್ಧಾಂತ ಮೌನದ ಮುಂದೆ ಕೋರ್ಟಿನ ಹಾಗೇ ಕೈಚೆಲ್ಲುತ್ತದೆ. ಹತ್ತು ಶಾಸ್ತ್ರದ ಪಂಡಿತರು ಒಂದೇ ಮೇಜಿಗೆ ಕೂತರೆ ಅಂತರಶಿಸ್ತೀಯ ಸಂಶೋಧನೆ ಅನ್ನುತ್ತಾರೆ. ಇರಲಿ, ಬೇಕು ಕೂಡ. ಆದರೆ ಹತ್ತೂ ಜನ ಕೂಗಿದ್ದನ್ನೇ ಕೇಳುತ್ತಾ ಕೂತರೆ ಕೇರಿಗೇನು ಬಂತು?

ಸಂಶೋಧನೆಗೆ ಹೊರಟ ಗೆಳೆಯರೇ, ಹಳ್ಳಿಯ ಮೇಷ್ಟ್ರೇ, ದಾಖಲಾದ ದೂರನ್ನಷ್ಟೇ ಲೆಕ್ಕ ಹಾಕಬೇಡಿ. ದೂರು ಕೊಡದ ಮನೆಯನ್ನು ಹುಡುಕಿ. ಅವರಿಗೆ ಕೂಲಿ ಯಾರ ಹೊಲದಲ್ಲಿ, ನೀರು ಯಾರ ಬಾವಿಯಿಂದ, ಸಾಲ ಯಾರ ಕೈಯಲ್ಲಿ ಅಂತ ಬರೆದುಕೊಳ್ಳಿ. ಹೆಸರು ಮಾತ್ರ ಬರೀಬೇಡಿ. ನೀವು ಬಸ್ಸು ಹತ್ತಿ ಹೋದ ಮೇಲೂ ಅವರು ಅಲ್ಲೇ ಇರಬೇಕು.