ಹೆಣ ಎತ್ತುವವರಾರು?

2014ರ ಆಗಸ್ಟ್ 28ರಂದು ಪುನೀತ್ ರಾಜ್‌ಕುಮಾರ್ ಅವರ ‘ಪವರ್’ ತೆರೆಗೆ ಬಂತು. ಆ ಸಿನಿಮಾ ನೋಡಲು ಗಂಗಾವತಿಯ ಟಾಕೀಸಿಗೆ ಹೋದ ಹುಡುಗರ ನಡುವೆ ಎದ್ದ ಜಗಳ ಕೊಪ್ಪಳ ಜಿಲ್ಲೆಯ ಮರಕುಂಬಿಯ ದಲಿತ ಕೇರಿಯ ತನಕ ಬಂದು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಟಿಕೆಟ್ಟಿನ ಜಗಳ ಬರೀ ನೆಪ. ಊರ ಹೋಟೆಲ್ಲು, ಕ್ಷೌರದಂಗಡಿಗಳಲ್ಲಿ ದಲಿತರಿಗೆ ಪ್ರವೇಶವಿಲ್ಲ ಎಂಬ ತಕರಾರು ಅದಕ್ಕೂ ಮೊದಲಿನಿಂದಲೇ ಹೊಗೆಯಾಡುತ್ತಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಆಮೇಲೆ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ, ಇದೇ ಜಿಲ್ಲೆಯ ನಮ್ಮ ಕುಕನೂರಿಗೆ ಇನ್ನೂ ಹತ್ತಿರದ ಸಂಗನಾಳದಲ್ಲಿ ಕ್ಷೌರದ ವಿಷಯಕ್ಕೇ ಒಬ್ಬ ದಲಿತ ಯುವಕನ ಕೊಲೆಯಾಗಿತ್ತು.

ಇಂಥ ನೆಲದಲ್ಲಿ ಕೂತು ಕನ್ನಡ ಸಿನಿಮಾದ ಮಾತಾಡುವವರಿಗೆ ಒಬ್ಬ ನಿರ್ದೇಶಕನನ್ನು ಮತ್ತೆ ನೋಡಲೇಬೇಕೆನಿಸುತ್ತದೆ. ತಮಾಷೆಯೆಂದರೆ ಆತ ಕನ್ನಡಿಗನೇ ಅಲ್ಲ.

ತಿಕ್ಕವರಪು ಪಟ್ಟಾಭಿರಾಮ ರೆಡ್ಡಿ ಹುಟ್ಟಿದ್ದು 1919ರಲ್ಲಿ, ನೆಲ್ಲೂರಿನ ಸಿರಿವಂತ ಮನೆಯಲ್ಲಿ. ಇಪ್ಪತ್ತರ ಹರೆಯದಲ್ಲೇ ‘ಫಿಡೇಲು ರಾಗಾಲ ಡಜನ್’ ಎಂಬ ಪದ್ಯಗಳ ಪುಸ್ತಕ ತಂದು ತೆಲುಗು ಛಂದಸ್ಸಿನ ಪಂಡಿತರನ್ನು ಕೆರಳಿಸಿದ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ. ಅಂಬೇಡ್ಕರ್ ಓದಿದ್ದೂ ಅಲ್ಲೇ, ಒಂದು ತಲೆಮಾರು ಮೊದಲು. ಊರಿಗೆ ಬಂದವನು ನಿರ್ಮಾಪಕನಾಗಿ ಮಾಡಿದ್ದು ‘ಪೆಳ್ಳಿನಾಟಿ ಪ್ರಮಾಣಾಲು’, ‘ಶ್ರೀಕೃಷ್ಣಾರ್ಜುನ ಯುದ್ಧಮು’ ಥರದ ಚಿತ್ರಗಳನ್ನು. ಕಿರೀಟ, ಗದೆ, ಸೆಟ್ಟು, ಗಲ್ಲಾಪೆಟ್ಟಿಗೆ. ಅಲ್ಲಿಂದ ಕನ್ನಡದ ‘ಸಂಸ್ಕಾರ’ ಚಿತ್ರದವರೆಗಿನ ದಾರಿ ಸಿನಿಮಾದೊಳಗೆ ಸಿಗುವುದಿಲ್ಲ, ಲೋಹಿಯಾ ಅವರಲ್ಲಿ ಹುಡುಕಬೇಕು.

ಪಟ್ಟಾಭಿ ಮತ್ತು ಹೆಂಡತಿ ಸ್ನೇಹಲತಾ ಇಬ್ಬರೂ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಕಟ್ಟಾ ಅನುಯಾಯಿಗಳು. ಆ ಲೋಹಿಯಾ 1964ರ ಮೇ ತಿಂಗಳಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಊರಿನಲ್ಲಿದ್ದರು. ಅಲ್ಲಿನ ಮಾರಿಸನ್ಸ್ ಕೆಫೆಟೇರಿಯಾ ಬಿಳಿಯರಿಗೆ ಮೀಸಲು, ಬಾಗಿಲಲ್ಲೇ ತಡೆದರು. ಮರುದಿನ ಲೋಹಿಯಾ ಖಾದಿ ಧೋತರ ಉಟ್ಟು ಮತ್ತೆ ಹೋದರು. ‘ಹೊರಡಿ’ ಅಂದರೆ ಹೊರಡಲಿಲ್ಲ, ಪೊಲೀಸರು ಹಿಡಿದರು. ಭಾರತದ ಸಂಸತ್ ಸದಸ್ಯ ಎಂದು ಗೊತ್ತಾದ ಮೇಲೆ ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ಇದಾಗಿ ತಿಂಗಳ ಮೇಲೆ ಕೆಲವೇ ದಿನಕ್ಕೆ, ಜುಲೈ 2ಕ್ಕೆ, ಹೋಟೆಲ್ಲುಗಳಲ್ಲಿ ಬಣ್ಣದ ಭೇದ ನಿಷೇಧಿಸುವ ಕಾನೂನಿಗೆ ಅಲ್ಲಿನ ಅಧ್ಯಕ್ಷರ ಸಹಿ ಬಿತ್ತು. ನಮ್ಮ ಸಂವಿಧಾನದಲ್ಲಿ ಅಸ್ಪೃಶ್ಯತೆ ಅದಕ್ಕೂ 14 ವರ್ಷ ಮೊದಲೇ ಅಪರಾಧವಾಗಿತ್ತು. ಮರಕುಂಬಿಯ ಹೋಟೆಲ್ಲಿಗೆ ಆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ.

1970ರಲ್ಲಿ ಪಟ್ಟಾಭಿ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಕೈಗೆತ್ತಿಕೊಂಡಾಗ ಸಂಸ್ಥೆಗಿಟ್ಟ ಹೆಸರು ‘ರಾಮಮನೋಹರ ಚಿತ್ರ’. ಚಿತ್ರಕಥೆ ಗಿರೀಶ ಕಾರ್ನಾಡ್, ಪ್ರಾಣೇಶಾಚಾರ್ಯನೂ ಅವರೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿ ಹತ್ತಿರದ ವೈಕುಂಠಪುರವೇ ಕಾದಂಬರಿಯ ದೂರ್ವಾಸಪುರ ಆಯಿತು. ಸಂಗೀತ ರಾಜೀವ್ ತಾರಾನಾಥ್. ಅವರ ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು. ಕೊಪ್ಪಳವೂ ಕುಕನೂರೂ 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಈ ಮಲೆನಾಡಿನ ಚಿತ್ರದಲ್ಲಿ ನಮ್ಮ ಪಾಲೂ ಒಂದಿಷ್ಟು ಇದೆ ಎಂದು ಹೆಮ್ಮೆಪಡಲು ಅಡ್ಡಿಯಿಲ್ಲ.

ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು, ಬ್ರಾಹ್ಮಣರ ಮನಸ್ಸು ನೋಯುತ್ತದೆಂದು. ದೆಹಲಿಯವರೆಗೆ ಹೋಗಿ ಬಿಡಿಸಿಕೊಂಡು ಬರಬೇಕಾಯಿತು. ಮುಂದೆ ಅದೇ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಬಂತು, ಕನ್ನಡಕ್ಕೆ ಮೊತ್ತಮೊದಲು.

ಚಿತ್ರದ ಒಂದು ಭಾಗವನ್ನು ನಿಧಾನವಾಗಿ ನೋಡಬೇಕು. ಅಗ್ರಹಾರದ ಕಟ್ಟಳೆ ಮುರಿದಿದ್ದ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಕುಲಗೆಟ್ಟವನ ಹೆಣ ಮುಟ್ಟಿದರೆ ಮೈಲಿಗೆ, ಬಿಟ್ಟರೂ ಮೈಲಿಗೆ. ನೆಂಟರೆಲ್ಲ ನುಣುಚಿಕೊಳ್ಳುತ್ತಿರುವಾಗ, ಅವನ ಜತೆ ಬಾಳಿದ ಚಂದ್ರಿ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳೆ, ಸಂಸ್ಕಾರದ ಖರ್ಚಿಗೆಂದು. ಅಲ್ಲಿಗೆ ಗಾಳಿ ತಿರುಗುತ್ತದೆ. ಈಗಷ್ಟೇ ‘ನನ್ನಿಂದಾಗದು’ ಎಂದ ಗರುಡ, ಲಕ್ಷ್ಮಣರಿಗೆ ರಕ್ತಸಂಬಂಧ ಜ್ಞಾಪಕಕ್ಕೆ ಬರುತ್ತದೆ. ಹೆಂಡಂದಿರ ಕಣ್ಣುಗಳು ಒಡವೆಯ ತೂಕ ನೋಡುತ್ತವೆ. ಪಟ್ಟಾಭಿ ಇಲ್ಲಿ ಭಾಷಣ ಮಾಡಿಸುವುದಿಲ್ಲ, ಮುಖಗಳನ್ನು ತೋರಿಸುತ್ತಾರೆ. ಹಸಿವು, ಆಸೆ, ಭಯ ಮೂರೂ ಒಂದೇ ಮುಖದಲ್ಲಿ. ಜಾತಿಯೆಂದರೆ ಶಾಸ್ತ್ರದ ಪುಸ್ತಕಕ್ಕಿಂತ ಹೆಚ್ಚಾಗಿ ದಿನದ ಲೆಕ್ಕಾಚಾರ ಎಂಬುದು ಇಲ್ಲಿ ಕಂಡಷ್ಟು ಚೆನ್ನಾಗಿ ಕನ್ನಡದ ಬೇರೆ ಚಿತ್ರದಲ್ಲಿ ಕಂಡಿಲ್ಲ.

ಇದೇ ಪಟ್ಟಾಭಿಯ ಪಟ್ಟು: ತುಳಿಸಿಕೊಂಡವರ ಬಗ್ಗೆ ಕನಿಕರ ಹುಟ್ಟಿಸುವ ಬದಲು ತುಳಿಯುವವರ ಮನೆಯೊಳಗೇ ಕ್ಯಾಮೆರಾ ಇಡುವುದು. ಐದು ವರ್ಷದ ಮೇಲೆ ಬಿ.ವಿ. ಕಾರಂತರ ‘ಚೋಮನ ದುಡಿ’ ಬಂದಾಗ ಕಣ್ಣು ಚೋಮನ ಗುಡಿಸಲಿಗೆ ತಿರುಗಿತು, ವಾಸುದೇವ ರಾವ್ ಅವರ ಅಭಿನಯ ಇಂದಿಗೂ ಎದೆ ಹಿಂಡುತ್ತದೆ. ಆದರೂ ಪ್ರೇಕ್ಷಕ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡು ಎದ್ದು ಹೋಗಬಹುದು. ‘ಸಂಸ್ಕಾರ’ ಆ ಸವಲತ್ತು ಕೊಡುವುದಿಲ್ಲ. ಅದರ ಮಿತಿಯೂ ಅಲ್ಲೇ ಇದೆ. ಅಗ್ರಹಾರದ ಆಚೆಯ ಕೇರಿಯ ಜನ ಈ ಕಥೆಯಲ್ಲಿ ಅಂಚಿನಲ್ಲೇ ಉಳಿಯುತ್ತಾರೆ. ಅವರೇ ಕ್ಯಾಮೆರಾ ಹಿಡಿದರೆ ಏನಾಗುತ್ತದೆ ಎಂದು ನೋಡಲು ಪಕ್ಕದ ಮಹಾರಾಷ್ಟ್ರದ ನಾಗರಾಜ ಮಂಜುಳೆಯ ‘ಫಂಡ್ರಿ’ವರೆಗೆ, 2013ರವರೆಗೆ ಕಾಯಬೇಕಾಯಿತು. ಕಲ್ಯಾಣ ಕರ್ನಾಟಕದ ಕೇರಿಯಿಂದ ಅಂಥದೊಂದು ಚಿತ್ರ ಇನ್ನೂ ಬರಬೇಕಿದೆ.

ಈ ದಂಪತಿಗೆ ಸಿನಿಮಾ, ಚಳವಳಿ ಎಂಬ ಎರಡು ಒಲೆಗಳಿರಲಿಲ್ಲ. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ತುರ್ತುಪರಿಸ್ಥಿತಿಯಲ್ಲಿ ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಜಾಡು ಹಿಡಿಯಲು ಪೊಲೀಸರು 1976ರ ಮೇ ತಿಂಗಳಲ್ಲಿ ಸ್ನೇಹಲತಾರನ್ನು ಬಂಧಿಸಿದರು. ಫರ್ನಾಂಡಿಸ್ ಮೇಲೆ ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ; ಆದರೂ ವಿಚಾರಣೆಯಿಲ್ಲದೆ ಎಂಟು ತಿಂಗಳು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಆಕೆಗೆ ಹಳೆಯ ಆಸ್ತಮಾ. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ರಾತ್ರಿ ಹೊತ್ತು ಆಕೆಯ ಚೀರಾಟ ಕೇಳಿಸುತ್ತಿತ್ತೆಂದು ನಂತರ ಬರೆದರು. ಆ ಸ್ಥಿತಿಯಲ್ಲೂ ಜೈಲಿನ ಬಡ ಹೆಣ್ಣುಮಕ್ಕಳಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ ಆಕೆ ಜಗಳ ಬಿಟ್ಟಿರಲಿಲ್ಲ. 1977ರ ಜನವರಿ 15ಕ್ಕೆ ಪೆರೋಲ್ ಸಿಕ್ಕಿತು, 20ಕ್ಕೆ ತೀರಿಕೊಂಡರು. ಚುನಾವಣೆಯ ಘೋಷಣೆ ಅದಕ್ಕೆ ಎರಡು ದಿನ ಮುಂಚೆಯಷ್ಟೇ ಆಗಿತ್ತು. ಆಕೆಯ ಜೈಲು ದಿನಚರಿ ಅದೇ ವರ್ಷ ಪುಸ್ತಕವಾಯಿತು.

ಪಟ್ಟಾಭಿಯ ಎರಡನೇ ಕನ್ನಡ ಚಿತ್ರ ‘ಚಂಡಮಾರುತ’ ಹೊರಬಂದದ್ದೂ ಅದೇ 1977ರಲ್ಲಿ, ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕದ ಆಧಾರದ ಮೇಲೆ. ಮುಂದೆ ‘ಶೃಂಗಾರ ಮಾಸ’, ‘ದೇವರ ಕಾಡು’ ಬಂದವು. ಒಂದಕ್ಕೂ ‘ಸಂಸ್ಕಾರ’ದ ಬಿಗಿ ದಕ್ಕಲಿಲ್ಲ ಎನ್ನುವುದನ್ನು ಮುಚ್ಚಿಡಬೇಕಿಲ್ಲ. 2006ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ 87 ವರ್ಷ. ಮೂವತ್ತಾರು ವರ್ಷದ ಅವಧಿಯಲ್ಲಿ ನಾಲ್ಕೇ ಕನ್ನಡ ಚಿತ್ರ.

ಚಿತ್ರವನ್ನು ಈಗ ಮೊಬೈಲಿನಲ್ಲೂ ನೋಡಬಹುದು. ಆದರೆ ಕಾಲೇಜು ಹುಡುಗರಿಗೆ ತೋರಿಸುವ ಮೇಷ್ಟ್ರುಗಳಿದ್ದರೆ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಲಿ. ಹಳೆಯ ಕಾಲದಲ್ಲಿ ಅಗ್ರಹಾರವೆನಿಸಿಕೊಂಡಿದ್ದ ಕುಕನೂರಿನಂಥ ಊರಿನಲ್ಲಿ ಹೆಣದ ಪ್ರಶ್ನೆಗೆ ಯಾವ ಬೆಂಚಿನಿಂದ ಯಾವ ಉತ್ತರ ಬರುತ್ತದೆ ಎಂಬುದೂ ಕೇಳುವಂಥದ್ದೇ. ನಾರಣಪ್ಪನ ಹೆಣವನ್ನು ಕೊನೆಗೆ ಸುಟ್ಟವರು ಯಾರು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಬಾರದು.