ಇಂಟರ್‌ನೆಟ್ ಹೋದ ಸಂಜೆಯ ಸಿನಿಮಾ

ಮಳೆಗಾಲ ಹಿಡಿದರೆ ನಮ್ಮ ಹೊಸನಗರ ಸೀಮೆಯಲ್ಲಿ ಮೊದಲು ಕೈಕೊಡುವುದು ಇಂಟರ್‌ನೆಟ್. ಕೇಬಲ್ ಮೇಲೊಂದು ಮರ ಬಿದ್ದರೆ ವಾರಗಟ್ಟಲೆ ಒಟಿಟಿ ಇಲ್ಲ. ಅಂಥ ಸಂಜೆಗಳಲ್ಲಿ ಮನೆಯ ಮೀಡಿಯಾ ಸರ್ವರ್ ಮೇಲೆ ನನಗೆ ಅಭಿಮಾನ ಉಕ್ಕುತ್ತದೆ.

ಸರ್ವರ್ ಎಂದರೆ ಒಂದು ಹಳೇ ಕಂಪ್ಯೂಟರ್, ದೊಡ್ಡದೊಂದು ಹಾರ್ಡ್ ಡಿಸ್ಕ್. ಇಲ್ಲಿನ ಥಂಡಿಗೆ ಬೂಷ್ಟು ಹಿಡಿಯುವ ಮೊದಲೇ, ಕೊಂಡಿಟ್ಟಿದ್ದ ಡಿವಿಡಿಗಳನ್ನೆಲ್ಲ ಅದಕ್ಕೆ ಇಳಿಸಿದ್ದೇವೆ. ಟಿವಿ ಪಕ್ಕದ ಪ್ಲೇಸ್ಟೇಷನ್ 3 ಬಂದದ್ದು ಮಕ್ಕಳ ಆಟಕ್ಕೆ. ಆದರೆ ಮನೆಯ ಸಾಧನಗಳು ಚಿತ್ರ, ಹಾಡು ಹಂಚಿಕೊಳ್ಳುವ ಡಿಎಲ್‌ಎನ್‌ಎ ವ್ಯವಸ್ಥೆ ಎರಡರಲ್ಲೂ ಇರುವುದರಿಂದ ಅದು ಸರ್ವರನ್ನು ತಾನೇ ಹುಡುಕಿ, ಚಿತ್ರಗಳ ಪಟ್ಟಿಯನ್ನು ಟಿವಿಯಲ್ಲಿ ತೋರಿಸುತ್ತದೆ. ಎಂಕೆವಿ ಎಂಬ ಬಗೆಯ ವಿಡಿಯೊ ಫೈಲು ಪ್ಲೇಸ್ಟೇಷನ್‌ಗೆ ಓದಲು ಬರುವುದಿಲ್ಲ. ಆಗ ಸರ್ವರ್, ಚಿತ್ರ ಓಡುತ್ತಿರುವಾಗಲೇ ಅದನ್ನು ಎಂಪೆಗ್-2ಕ್ಕೆ ಬದಲಿಸುತ್ತಾ ಕಳಿಸುತ್ತದೆ. ಅದರ ಫ್ಯಾನಿನ ಸದ್ದು ಏರಿದ್ದು ಜಗಲಿಗೂ ಕೇಳುತ್ತದೆ. ಹೊರಗಿನ ಸಂಪರ್ಕ ಕಡಿದರೂ ಮನೆಯ ರೌಟರ್ ತನ್ನ ಕೆಲಸ ಬಿಡುವುದಿಲ್ಲ, ಇನ್ವರ್ಟರ್ ಒಂದಿದ್ದರೆ ಸಾಕು.

ಒಳ್ಳೆಯ ಸಿನಿಮಾವನ್ನು ಊರಿಗೇ ತರಿಸಿ ನೋಡುವುದು ಈ ಸೀಮೆಗೆ ಹೊಸದಲ್ಲ. ಸಾಗರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿದರು.

ನಮ್ಮ ಸರ್ವರಿನಲ್ಲಿ ಹೆಚ್ಚು ಓಡಿದ್ದು 'ದ್ವೀಪ'. ಸಾಗರದ ನಾ. ಡಿಸೋಜರ ಕಾದಂಬರಿ; ತೀರ್ಥಹಳ್ಳಿ ಕಡೆಯವರೇ ಆದ ಗಿರೀಶ್ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದದ್ದು. ನೀರು ಮನೆಯಂಗಳಕ್ಕೆ ಏರುವ ದೃಶ್ಯ ಬಂದರೆ ಅಪ್ಪಯ್ಯ "ನಿಲ್ಸಾ" ಅನ್ನುತ್ತಾರೆ. ಪಾಜ್ ಒತ್ತುತ್ತೇನೆ. ಶರಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹೆಸರು ಒಂದೊಂದಾಗಿ ಹೇಳತೊಡಗುತ್ತಾರೆ. ಸಿನಿಮಾ ಕಾಯುತ್ತದೆ. ಥಿಯೇಟರಿನಲ್ಲಿ ಈ ಸೌಲಭ್ಯ ಎಂದೂ ಇರಲಿಲ್ಲ.