ಕೆಟ್ಟ ಓಟವನ್ನು ಓದುವ ಬಗೆ

ಭಾನುವಾರದ ಮ್ಯಾರಥಾನ್ ಕೈಕೊಟ್ಟಿತೆಂದರೆ ಹವ್ಯಾಸಿ ಓಟಗಾರರು ಸೋಮವಾರದಿಂದ ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಕೆಲವರು ತಪ್ಪನ್ನೆಲ್ಲ ಬಿಸಿಲಿನ ಮೇಲೆ, ರಸ್ತೆಯ ಏರಿನ ಮೇಲೆ ಹಾಕಿ ಮರೆತುಬಿಡುತ್ತಾರೆ. ಇನ್ನು ಕೆಲವರು ತಮ್ಮನ್ನೇ ಹಳಿದುಕೊಂಡು, ಕಾಲುನೋವು ಇಳಿಯುವ ಮೊದಲೇ ತಾಲೀಮು ಇಮ್ಮಡಿ ಮಾಡಿ ಮುಂದಿನ ತಿಂಗಳ ಓಟಕ್ಕೆ ಹೆಸರು ಕೊಡುತ್ತಾರೆ. ಓಟ ಕೆಟ್ಟಿದ್ದೇಕೆ ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ. ಚೆನ್ನಾಗಿ ಆದ ಓಟದಲ್ಲಿ ಎಲ್ಲವೂ ಕೂಡಿಬಂದಿರುತ್ತದೆ. ಯಾವುದರಿಂದ ಏನಾಯಿತೆಂದು ಬಿಡಿಸುವುದು ಕಷ್ಟ. ಕೆಟ್ಟ ಓಟದಲ್ಲಿ ಹರಿದ ಜಾಗ ಎದ್ದು ಕಾಣುತ್ತದೆ. ಕಲಿಯಬೇಕೆನ್ನುವವರಿಗೆ ಅದರಷ್ಟು ಒಳ್ಳೆಯ ಗುರು ಇಲ್ಲ.

ಒಂದು ಉದಾಹರಣೆ. ಲಾಲ್‌ಬಾಗ್‌ನಲ್ಲಿ ನಮ್ಮ ಜೊತೆ ಓಡುವ ಬ್ಯಾಂಕ್ ಉದ್ಯೋಗಿಯೊಬ್ಬರು ಮುಂಬೈ ಮ್ಯಾರಥಾನ್ ಅನ್ನು 4 ಗಂಟೆಯೊಳಗೆ ಮುಗಿಸುವ ಗುರಿ ಇಟ್ಟುಕೊಂಡಿದ್ದರು. ಮುಗಿಸಿದ್ದು 4 ಗಂಟೆ 24 ನಿಮಿಷಕ್ಕೆ. ‘ಪೆದ್ದಾರ್ ರೋಡಿನ ಏರು ಹತ್ತುವಾಗ ಎಲ್ಲಾ ಹೋಯ್ತು ಸಾರ್’ ಎಂದು ಬೇಸರಪಟ್ಟರು. ಆ ಏರಿನ ಖ್ಯಾತಿ ಸುಳ್ಳಲ್ಲ. ದಣಿದ ಕಾಲಿಗೆ ಓಟದ ಕೊನೆಯ ಹಂತದಲ್ಲಿ ಅದು ಎದುರಾಗುತ್ತದೆ. ಆದರೂ ಇಬ್ಬರೂ ಕೂತು ಪ್ರತಿ 5 ಕಿ.ಮೀ.ಗೆ ತಗಲಿದ ಸಮಯ, ಅಂದರೆ ಸ್ಪ್ಲಿಟ್, ತೆಗೆದು ನೋಡಿದೆವು. 4 ಗಂಟೆಯ ಗುರಿಗೆ 5 ಕಿ.ಮೀ.ಗೆ 28 ನಿಮಿಷ 25 ಸೆಕೆಂಡು ಸಾಕು. ಅವರು ಮೊದಲ 5 ಕಿ.ಮೀ. ಓಡಿದ್ದು 26 ನಿಮಿಷ 50 ಸೆಕೆಂಡಿನಲ್ಲಿ. ಅರ್ಧ ದೂರ ಮುಗಿದಾಗ ಗಡಿಯಾರ 1 ಗಂಟೆ 55 ನಿಮಿಷ ತೋರಿಸುತ್ತಿತ್ತು. 25ರಿಂದ 30ರವರೆಗೆ 31 ನಿಮಿಷ, 30ರಿಂದ 35ಕ್ಕೆ 36 ನಿಮಿಷ. ಅಂದರೆ ಪೆದ್ದಾರ್ ರೋಡ್ ಬರುವ ಮೊದಲೇ ಓಟ ಕೈತಪ್ಪಿತ್ತು. ಮೊದಲರ್ಧದಲ್ಲಿ ಉಳಿಸಿದ್ದು ಹತ್ತಿರ ಹತ್ತಿರ 5 ನಿಮಿಷ, ಎರಡನೆಯ ಅರ್ಧದಲ್ಲಿ ಕಳೆದದ್ದು 28 ನಿಮಿಷಕ್ಕೂ ಹೆಚ್ಚು.

ಇದರ ಹಿಂದೆ ದೇಹದ ಸರಳ ಲೆಕ್ಕವಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಪಿಷ್ಟ (ಕಾರ್ಬೊಹೈಡ್ರೇಟ್) ಸುಮಾರು 2,000 ಕ್ಯಾಲೊರಿಯಷ್ಟು. ಓಡುವಾಗ ಒಂದು ಕಿಲೊ ತೂಕಕ್ಕೆ, ಒಂದು ಕಿ.ಮೀ.ಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಖರ್ಚು. 65 ಕಿಲೊ ತೂಗುವವರಿಗೆ 42.195 ಕಿ.ಮೀ.ಗೆ 2,700 ಕ್ಯಾಲೊರಿ ಬೇಕು. ಕೊರತೆಯನ್ನು ಕೊಬ್ಬು ತುಂಬಿಕೊಡಬಲ್ಲದು, ಆದರೆ ನಿಧಾನವಾಗಿ. ವೇಗ ಹೆಚ್ಚಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಪಿಷ್ಟವನ್ನೇ ಹೆಚ್ಚು ಸುಡುತ್ತದೆ. ಮೊದಲ 10 ಕಿ.ಮೀ.ಯಲ್ಲಿ ಹಗುರ ಎನ್ನಿಸಿದ ಆ ವೇಗದ ಬಿಲ್ಲು 30 ದಾಟಿದ ಮೇಲೆ ಬರುವುದು ಇದಕ್ಕೇ. ದೀರ್ಘ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ತೆಗೆದುಕೊಳ್ಳಬೇಕೆಂಬುದು ಕ್ರೀಡಾ ಪೌಷ್ಟಿಕ ತಜ್ಞರ ಸಲಹೆ. ನಮ್ಮ ಗೆಳೆಯರು ಇಡೀ ಓಟಕ್ಕೆ ತಿಂದದ್ದು ಎರಡು ಎನರ್ಜಿ ಜೆಲ್, ಅಂದರೆ ಸುಮಾರು 50 ಗ್ರಾಂ ಪಿಷ್ಟ.

ಹವೆಯ ಪಾಲನ್ನೂ ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಜನವರಿಯ ಬೆಂಗಳೂರಿನ ಒಣ ಚಳಿಯಲ್ಲಿ ಪಳಗಿದ ಮೈ ಮುಂಬೈಯ ಕಡಲಗಾಳಿಗೆ ಒಗ್ಗಿರುವುದಿಲ್ಲ. ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಶಾಖ ಹೊರಹಾಕಲು ಚರ್ಮದ ಕಡೆಗೆ ರಕ್ತ ಹೆಚ್ಚು ಹರಿಯುತ್ತದೆ, ಕಾಲಿನ ಪಾಲು ಕಡಿಮೆಯಾಗುತ್ತದೆ, ಅದೇ ಪೇಸ್‌ಗೆ ಎದೆಬಡಿತ ಏರುತ್ತದೆ. ಸೆಕೆಯ ಊರಿನಲ್ಲಿ ಓಡುವಾಗ ಗುರಿಯನ್ನು ಸಡಿಲಿಸುವುದು ಜಾಣತನ. ಅದನ್ನು ಸೋಲು ಎನ್ನಬಾರದು.

ಕೆಟ್ಟ ಓಟದಿಂದ ಕಲಿಯುವ ವಿಷಯದಲ್ಲಿ ಜಪಾನಿನ ಯೂಕಿ ಕವಾಉಚಿ ನನಗೆ ಬಹಳ ಇಷ್ಟದ ಓಟಗಾರ. ಸೈತಾಮಾ ಪ್ರಾಂತದ ಸರ್ಕಾರಿ ಶಾಲೆಯ ಕಚೇರಿಯಲ್ಲಿ ಪೂರ್ಣಾವಧಿ ನೌಕರಿ ಮಾಡುತ್ತ, ಕಂಪನಿ ತಂಡ, ಕೋಚ್ ಯಾವುದೂ ಇಲ್ಲದೆ ಓಡುತ್ತಿದ್ದವರು. ಲಂಡನ್ ಒಲಿಂಪಿಕ್ಸ್ ತಂಡದ ಆಯ್ಕೆಯ ಓಟವೂ ಆಗಿದ್ದ 2012ರ ಟೋಕಿಯೊ ಮ್ಯಾರಥಾನ್‌ನಲ್ಲಿ ಅವರು 14ನೆಯವರಾದರು. ಬೆಂಬಲಿಸಿದವರ ಕ್ಷಮೆ ಕೋರಿ ತಲೆ ಬೋಳಿಸಿಕೊಂಡರು. ಓಟವನ್ನು ಮಾತ್ರ ಬಿಡಲಿಲ್ಲ. ವರ್ಷಕ್ಕೆ ಹಲವು ಮ್ಯಾರಥಾನ್ ಓಡುತ್ತ, ಒಂದೊಂದರಲ್ಲೂ ತಮ್ಮ ಮೈ ಯಾವ ಹವೆಗೆ ಹೇಗೆ ಸ್ಪಂದಿಸುತ್ತದೆಂದು ಅರಿಯುತ್ತ ಹೋದರು. ತಮಗೆ ಸೆಕೆ ಆಗದು, ಚಳಿ ಒಗ್ಗುತ್ತದೆ ಎಂಬುದು ಹೀಗೆ ಗೊತ್ತಾದ ಸತ್ಯ. 2018ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ದಿನ ಕೊರೆಯುವ ಚಳಿ, ಮಳೆ, ಎದುರುಗಾಳಿ. ಹೆಸರಾಂತ ವೃತ್ತಿಪರರು ಅರ್ಧದಲ್ಲೇ ಬಿಟ್ಟುಹೋದ ಆ ಓಟವನ್ನು ಕವಾಉಚಿ 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಗೆದ್ದರು.

ಅವರಂತೆ ಓಟದ ಮೇಲೆ ಓಟ ಓಡುವ ಕಸುವು ನಮಗಿಲ್ಲ; ಮೈಯನ್ನು ಅರಿಯುವ ಆ ಶ್ರದ್ಧೆ ಇರಬಹುದು. ನಾನು ಶಿಫಾರಸು ಮಾಡುವ ಕ್ರಮ ಇದು. ಓಟ ಮುಗಿದ ಸಂಜೆಯೇ ನಿದ್ದೆ, ತಿಂಡಿ, ನೀರು, ಜೆಲ್, ಯಾವ ಕಿ.ಮೀ.ಯಲ್ಲಿ ಏನಾಯಿತು ಎಂಬುದನ್ನೆಲ್ಲ ಬರೆದಿಡಿ. ತೀರ್ಮಾನವನ್ನು ಒಂದು ವಾರ ಮುಂದಕ್ಕೆ ಹಾಕಿ; ಮೈಕೈ ನೋವಿನಲ್ಲಿ ತೆಗೆದುಕೊಂಡ ತೀರ್ಮಾನ ಸರಿಯಿರುವುದಿಲ್ಲ. ಆಮೇಲೆ ಮೊದಲು ಸ್ಪ್ಲಿಟ್, ಅನಂತರ ಹವೆ ಮತ್ತು ಹಾದಿ, ಕೊನೆಗೆ ಹಿಂದಿನ ಮೂರು ತಿಂಗಳ ತಾಲೀಮು ನೋಡಿ. ಲಾಂಗ್ ರನ್ ಎಷ್ಟು ತಪ್ಪಿದವು, ಎಷ್ಟು ರಾತ್ರಿ ಕಚೇರಿ ಕೆಲಸ ನಿದ್ದೆ ತಿಂದಿತು ಎಂಬುದು ಅಲ್ಲಿ ಕಾಣುತ್ತದೆ. ಮುಂದಿನ ಬಾರಿಗೆ ಒಂದನ್ನು ಮಾತ್ರ ಬದಲಿಸಿ. ಶೂ, ಪೇಸ್, ಆಹಾರ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಯಾರೂ ಹೇಳಲಾರರು. ಬದಲಾವಣೆಯನ್ನು ಒಂದು 10ಕೆ ಅಥವಾ ಹಾಫ್‌ನಲ್ಲಿ ಪರೀಕ್ಷಿಸಿದ ಮೇಲೆಯೇ ಫುಲ್‌ಗೆ ಹೋಗಿ.

ತಾಲೀಮು ಸರಿಯಾಗಿದ್ದೂ ಓಟಗಳು ಒಂದರ ಹಿಂದೊಂದು ಕೆಡುತ್ತಿದ್ದರೆ ಮಾತ್ರ ಉತ್ತರ ಬೇರೆಡೆ ಇರುತ್ತದೆ. ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ತುಂಬ ಸಾಮಾನ್ಯ. ಎಷ್ಟೋ ಓಟಗಾರ್ತಿಯರು ಅದರ ಸುಸ್ತನ್ನು ಸೋಮಾರಿತನವೆಂದು ತಿಳಿದು ಸುಮ್ಮನೆ ನೊಂದುಕೊಳ್ಳುತ್ತಾರೆ.

ಪದಕದ ಹಿಂದೆ ಕೆತ್ತಿಸಿಕೊಳ್ಳುವ ಒಟ್ಟು ಸಮಯ ಓಟದ ಬಗ್ಗೆ ಹೇಳುವುದು ತೀರ ಕಡಿಮೆ. ಮುಂದಿನ ಓಟಕ್ಕೆ ಹೆಸರು ಕೊಡುವ ಮೊದಲು ಹಿಂದಿನ ಕೆಟ್ಟ ಓಟದ ಸ್ಪ್ಲಿಟ್‌ಗಳನ್ನು ಒಮ್ಮೆ ತೆರೆದು ನೋಡಿ. ತಿದ್ದಬೇಕಾದ ಒಂದನ್ನು ಗುರುತಿಸಿ, ಅದನ್ನು ಮಾತ್ರ ತಿದ್ದಿ ಓಡಿ.